ಕುರ್ಚಿ: ಇದೆ

ಶಿನ್ಯಾಂಗಾದಿಂದ ಬಸ್ಸು, ಬಸ್ಸಿಳಿದು ಬಾಡಿಗೆ ಬೈಕು,
ಬೈಕು ಕೈಕೊಟ್ಟಲ್ಲಿಂದ ಕಾಲು.
ಮ್ವಾಗಿಲಿ ಮುಟ್ಟಿದಾಗ ಹೊತ್ತು ಹುಟ್ಟಿ ಮೂರು ತಾಸು.
ಚೀಲದಲ್ಲಿ ಟ್ಯಾಬು, ಟ್ಯಾಬಿನಲ್ಲಿ ಅರವತ್ತೆರಡು ಪ್ರಶ್ನೆ.
ಬಡತನ ಅಷ್ಟರೊಳಗೆ ಹಿಡಿಸುತ್ತದೆಂದು
ದೊಡೊಮಾದ ಕಚೇರಿ ನಂಬಿದೆ.
ನಾನೂ ನಂಬಿದ್ದೆ, ದಿನಭತ್ಯೆ ಬರುತ್ತದಲ್ಲ.

ಮೊದಲ ಮನೆ ನ್ಯಾಂಜೋಬೆಯದು.
ಹತ್ತಿ ಬಿಡಿಸಿ ಬಿಡಿಸಿ ಸೀಳಿದ ಬೆರಳು,
ಬೆನ್ನಿಗೆ ಕಟ್ಟಿದ ಮೊಮ್ಮಗು.
'ಕರೀಬು' ಅಂದಳು. ಬೇವಿನ ನೆರಳಿಗೆ ಕುರ್ಚಿ ತಂದು
ಹೊದ್ದ ಕಂಗಾದ ಅಂಚಿನಲ್ಲಿ ಒರೆಸಿದಳು.

ಸೂರು? ಹುಲ್ಲು.
ನೀರು ಎಷ್ಟು ದೂರ?
'ಹೋಗುವಾಗ ಹತ್ತಿರ, ಹೊತ್ತು ಬರುವಾಗ ದೂರ.'
ಅದಕ್ಕೆ ಜಾಗವಿಲ್ಲ, ನಿಮಿಷ ಬೇಕು.
ನಲವತ್ತು ಅಂತ ಒತ್ತಿದೆ.
ನಿನ್ನೆ ಎಷ್ಟು ಸಲ ಉಂಡಿರಿ?
ಮಗುವಿನ ಕಡೆ ಕತ್ತು ತಿರುಗಿಸಿ ಎರಡು ಅಂದಳು,
ತನ್ನ ಲೆಕ್ಕ ಬಂದಾಗ
ಕೋಳಿ ಓಡಿಸಲು ಎದ್ದಳು.
ಇಪ್ಪತ್ತೇಳನೆಯದು: ಮನೆಯಲ್ಲಿ ಕುರ್ಚಿ ಇದೆಯೆ?
ಕೇಳುವುದೇನು, ಕೂತಿದ್ದೇನಲ್ಲ.
ಇದೆ.

ಎರಡನೆಯ ಮನೆ ಮಸುಂಬುಕೊನದು,
ಹೆಸರಿನ ಅರ್ಥವೇ ತಾಪತ್ರಯ.
ಎರಡು ಮೇಕೆ, ಒಂದು ಬೇರೆಯವರದು.
ಕುರ್ಚಿ: ಇದೆ.
ಮೂರನೆಯದರಲ್ಲಿ ಕುಲ್ವಾ, ಡೋಟೊ, ಅವಳಿ ಅಕ್ಕತಂಗಿ,
ಇಬ್ಬರೂ ವಿಧವೆಯರು. ಒಬ್ಬಳಿಗೆ ಕೇಳಿದರೆ ಇನ್ನೊಬ್ಬಳ ಉತ್ತರ.
ಕುರ್ಚಿ: ಇದೆ.

ನಾಲ್ಕನೆಯ ಅಂಗಳದಲ್ಲಿ ಕೂರುವಾಗ
ಕೈಗೆ ತಗುಲಿತು,
ಹಿಂಗಾಲಿಗೆ ಸುತ್ತಿದ ಸೈಕಲ್ ಟ್ಯೂಬಿನ ಗಂಟು.
ಬೆಳಿಗ್ಗೆಯಿಂದ ಇದೇ ಗಂಟನ್ನು
ಹೆಬ್ಬೆರಳಲ್ಲಿ ಸವರುತ್ತ ಕೂತಿದ್ದೇನೆ.
ಒರಗುಹಲಗೆಯಲ್ಲಿ ಯಾರೋ ಕೊರೆದ ಅದೇ ಮೀನು.
ಗೋಡೆಯ ಹಿಂದೆ ಹುಡುಗನೊಬ್ಬ
ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದ.

ಯಾರದಿದು?
'ವರ್ಗವಾಗಿ ಹೋದ ಮೇಷ್ಟ್ರು ಬಿಟ್ಟದ್ದು.
ನೆಂಟರು ಬಂದರೆ ಬರುತ್ತದೆ, ಪಾದ್ರಿ ಬಂದರೆ ಬರುತ್ತದೆ,
ಸೂಲಗಿತ್ತಿಗೆ, ಸಾವಿನ ಮನೆಗೆ.
ನೀವು ಬಂದಿರಿ, ಬಂತು.'

ಹಿಂದಿನ ಮೂರು ಮನೆ ತೆರೆಯಲು ನೋಡಿದೆ.
ಕಳಿಸಿದ ಉತ್ತರ ತಿದ್ದಲಾಗದು, ಅಂದಿತು ಕೆಂಪಕ್ಷರ.
ದಿಬ್ಬ ಹತ್ತಿ ಸಿಗ್ನಲ್ ಹುಡುಕಿ
ಮೇಲ್ವಿಚಾರಕ ಕಿಹ್ವೆಲೊಗೆ ಫೋನು ಮಾಡಿದೆ.
ಕುರ್ಚಿ ಕಂಡೆಯಾ?
ಕಂಡೆ.
ಕೂತೆಯಾ?
ಕೂತೆ.
ಮತ್ತೆ ನಿನಗೇನು ಕಷ್ಟ?

ಐದನೆಯ ಮನೆಯಲ್ಲಿ ನೆಲಕ್ಕೇ ಕೂತುಬಿಟ್ಟೆ.
ಮುದುಕಿ ಎಂಬುಕೆಯ ಮುಖ ಇಳಿದುಹೋಯಿತು.
'ನನ್ನ ಅಂಗಳ ಅಷ್ಟು ಕಡೆಯಾಯಿತೆ?
ಹುಡುಗ ಆಗಲೇ ಓಡಿದ್ದಾನೆ, ತಡಿ.'
ಎದ್ದೆ. ಪ್ಯಾಂಟು ಕೊಡವಿಕೊಂಡೆ.
ಮರ್ಯಾದೆ ಉಳಿಸಲು ಕೂತೆ,
ಸುಳ್ಳು ಆಗದಿರಲೆಂದು 'ಇಲ್ಲ' ಒತ್ತಿದೆ.
ಇಣುಕಿ ನೋಡಿದಳು. 'ಇಲ್ಲ ಅಂತ ಬರೆದೆಯಾ?
ನಿನ್ನನ್ನು ನಿಲ್ಲಿಸಿ ಮಾತಾಡಿಸಿದೆ ಅಂತ
ಸರ್ಕಾರಕ್ಕೆ ಹೇಳುತ್ತೀಯಾ?'

ಇನ್ನಾರು ತಿಂಗಳಿಗೆ ವರದಿ ಬರುತ್ತದೆ,
ನುಣುಪು ಹಾಳೆ, ಏರುವ ಗೆರೆ:
ಪೀಠೋಪಕರಣ ಹೊಂದಿದ ಕುಟುಂಬಗಳು
ನೂರಕ್ಕೆ ತೊಂಬತ್ತಾರು.
ತಣ್ಣನೆ ಸಭಾಂಗಣದಲ್ಲಿ ಯಾರೋ ಚಪ್ಪಾಳೆ ಶುರುಮಾಡುತ್ತಾರೆ.
ಸಹಾಯಧನದ ಪಟ್ಟಿ ತೊಳೆದ ಬಟ್ಟೆಯ ಹಾಗೆ ಕುಗ್ಗುತ್ತದೆ.
ಉಳಿದ ನಾಲ್ಕು ಯಾರೆಂದು ಕೇಳಿದರೆ
ಎಂಬುಕೆಯ ಹೆಸರು ನಾನು ಹೇಳುವುದಿಲ್ಲ.

ಆ ಸಂಜೆ ಕೊನೆಯ ಮನೆ, ಕೊನೆಯ ಪ್ರಶ್ನೆ:
ಬೇರೆ ಏನಾದರೂ ಹೇಳುವುದಿದೆಯೆ?
'ಇದೆ, ಬೇಗ ಏಳು' ಅಂದ ಮನೆಯಾತ.
'ನ್ಯಾಂಜೋಬೆಯ ಸೊಸೆಗೆ ನೋವು ಶುರುವಾಗಿದೆಯಂತೆ,
ಸೂಲಗಿತ್ತಿ ನಿಂತೇ ಇದ್ದಾಳೆ.'
ಹುಡುಗ ಅಲ್ಲೇ ಗೋಡೆಗೊರಗಿ ನಿದ್ದೆಹೋಗಿದ್ದ.

ನಾನೇ ತಲೆಯ ಮೇಲೆ ಹೊತ್ತೆ.
ಹತ್ತಿಹೊಲದ ಬದು, ಬೆಳದಿಂಗಳಿಲ್ಲ,
ಹೋಗುವಾಗ ಹತ್ತಿರ ಅಂದವಳ ಮಾತು ನೆನಪಾಯಿತು.
ದಾರಿಯಲ್ಲಿ ಎರಡು ಸಲ ಇಳಿಸಿದೆ.
ಕೂರಲಿಲ್ಲ.